ಒಂದೇ ಪ್ರತಿ ಇಟ್ಟ ತಪ್ಪು

ಕಂಪ್ಯೂಟರ್ ಕೆಡುವುದಿಲ್ಲ ಎಂದು ನಂಬಿಕೊಂಡು ಈ ಕೆಲಸಕ್ಕೆ ಬರಬೇಡಿ. ಅದು ಕೆಡುತ್ತದೆ. ಮದುವೆಗಳ ಸುಗ್ಗಿಯಲ್ಲೇ ಕೆಡುತ್ತದೆ, ಆಲ್ಬಮ್ ಒಯ್ಯಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಕೆಡುತ್ತದೆ. ಎಡಿಟಿಂಗ್ ಕಲಿಯುವ ಹುಡುಗಿಯರು ಆಗಾಗ ಶಿಗ್ಗಾವಿಯ ನಮ್ಮ ಮನೆಗೆ ಬರುತ್ತಾರೆ. ಬಣ್ಣ ಹೇಗೆ ಹದ ಮಾಡಬೇಕು, ಮುಖದ ಕಲೆ ಹೇಗೆ ತೆಗೆಯಬೇಕು ಎಂದು ಕೇಳುತ್ತಾರೆ. ಅದನ್ನು ನಿಮ್ಮ ಫೋನೇ ಹೇಳಿಕೊಡುತ್ತದೆ. ಫೋನು ಹೇಳದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಹಿರೇಕೆರೂರಿನಲ್ಲಿ ಕೆಲಸ ಕಲಿತೆ, ಹಾನಗಲ್ಲಿನಲ್ಲಿ ಕಂಪ್ಯೂಟರ್ ಹಿಡಿದೆ, ಸವಣೂರಿನಲ್ಲಿ ನಿವೃತ್ತಳಾದೆ. ಮೂರು ಊರುಗಳಲ್ಲೂ ಒಂದೊಂದು ದೊಡ್ಡ ತಪ್ಪು ಮಾಡಿದ್ದೇನೆ. ಮೊದಲ ಎರಡನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರನೆಯದಕ್ಕೆ ಜಾಗ ಬೇಕು.

ಹಿರೇಕೆರೂರಿನ ಸ್ಟುಡಿಯೋದ ಚನ್ನವೀರಪ್ಪ ಮಾಸ್ತರರು ಕತ್ತಲಕೋಣೆಯಲ್ಲಿ ಮಾತಾಡುತ್ತಿರಲಿಲ್ಲ, ಎಣಿಸುತ್ತಿದ್ದರು. ಎಡಕ್ಕೆ ಡೆವಲಪರ್ ತಟ್ಟೆ, ನಡುವೆ ನೀರು, ಬಲಕ್ಕೆ ಹೈಪೋ. ಒರೆಸುವ ಬಟ್ಟೆ ಬಲಗೋಡೆಯ ಎರಡನೆಯ ಮೊಳೆಗೆ. ಕತ್ತಲಲ್ಲಿ ಕೈ ಚಾಚಿದರೆ ಸಿಗಬೇಕು. ಬಟ್ಟೆ ಒಂದು ಮೊಳೆ ಆಚೆ ಇದ್ದರೆ ಅವತ್ತು ನನಗೆ ಕೆಲಸವಿಲ್ಲ. ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗ ಎದ್ದು ಗಂಟೆ ಬಾರಿಸಿದಾಗ ಉಂಡು ಬೆಳೆದವಳು ನಾನು. ಅವರ ಶಿಸ್ತು ನನಗೆ ಕಷ್ಟವಾಗಲಿಲ್ಲ. ನನ್ನ ಅವಸರವೇ ಕಷ್ಟವಾಯಿತು.

ರಟ್ಟೀಹಳ್ಳಿಯ ಒಂದು ಶಾಲೆಯ ಗುಂಪು ಫೋಟೋ ಬಂದಿತ್ತು. ಹೈಪೋ ಎಂಬುದು ಚಿತ್ರವನ್ನು ಕಾಯಂ ಆಗಿ ನಿಲ್ಲಿಸುವ ದ್ರಾವಣ. ಅದರಿಂದ ನಾನು ಫಿಲ್ಮನ್ನು ಹೊತ್ತಿಗೆ ಮೊದಲೇ ಎತ್ತಿದೆ. ಎರಡು ದಿನಗಳಲ್ಲಿ ನೆಗೆಟಿವ್ ಮಬ್ಬಾಯಿತು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೋಗಿ ಹೇಳಿ ಬಾ" ಎಂದರು.

"ಸರ್, ನೀವು ಒಂದ್ ಚೀಟಿ ಬರದು ಕೊಡ್ರಿ."

"ಚೀಟಿ ಕೆಡಿಸಿಲ್ಲವ್ವಾ, ನೀ ಕೆಡಿಸೀದಿ. ನೀನ ಹೋಗು."

ಬಸ್ಸು ಹತ್ತಿ ಹೋಗಿ ಹೆಡ್‌ಮಾಸ್ತರರ ಮುಂದೆ ನಿಂತು ಹೇಳಿದೆ. ಅವರು ಬೈಯಲಿಲ್ಲ, ಮಕ್ಕಳನ್ನು ಮತ್ತೆ ಸಾಲಾಗಿ ನಿಲ್ಲಿಸಿದರು. ಆದರೆ ಆ ನಡುವೆ ಇಬ್ಬರು ಮಕ್ಕಳು ತಂದೆ ತಾಯಿಯ ಜೊತೆ ಕಬ್ಬು ಕಡಿಯಲು ಹೋಗಿಬಿಟ್ಟಿದ್ದರು. ಎರಡನೆಯ ಫೋಟೋದಲ್ಲಿ ಅವರಿಲ್ಲ. ನನ್ನ ಕೈಯಿಂದ ಮೊದಲು ಕಳೆದುಹೋದವರು ಆ ಇಬ್ಬರು.

ಹಾನಗಲ್ಲಿಗೆ ಬರುವ ಹೊತ್ತಿಗೆ ಕತ್ತಲಕೋಣೆ ಹೋಗಿ ಕಂಪ್ಯೂಟರ್ ಬಂದಿತ್ತು. ಒಮ್ಮೆ ಆಡೂರಿನ ಒಬ್ಬ ನಿವೃತ್ತ ಶಿಕ್ಷಕರು ತಮ್ಮೂರಿನ ಶಾಸನದ ಹಳೆಯ ಫೋಟೋ ತಂದು, ದೊಡ್ಡದು ಮಾಡಿಕೊಡಿ ಎಂದರು. ನಾನು ಸ್ಕ್ಯಾನ್ ಮಾಡಿ, ಅವರು ಕೇಳದಿದ್ದರೂ ಕಲ್ಲಿನ ಬಿರುಕುಗಳನ್ನೆಲ್ಲ ಅಳಿಸಿ ಸ್ವಚ್ಛ ಮಾಡಿಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಬಾಯಾರ, ಗೀರು ಅಂತ ತಗದೀರಲ್ಲಾ, ಅದು ಗೀರಲ್ರಿ. ಅಕ್ಷರದ ಕಾಲು. ಕಲ್ಲು ಸಾವಿರ ವರ್ಷ ತಡಕೊಂಡಿತ್ತು, ನಿಮ್ಮ ಕೈಯಾಗ ಅರ್ಧಾ ತಾಸು ತಡೀಲಿಲ್ಲ."

ಮೊದಲಿನ ಸ್ಕ್ಯಾನನ್ನು ತೆಗೆದು ತೋರಿಸೋಣವೆಂದರೆ ತಿದ್ದಿದ್ದನ್ನು ಅದರ ಮೇಲೆಯೇ ಉಳಿಸಿಬಿಟ್ಟಿದ್ದೆ; ಅವರ ಫೋಟೋ ಮತ್ತೆ ಕೇಳಿ ಮೊದಲಿನಿಂದ ಶುರುಮಾಡಬೇಕಾಯಿತು. ಅಂದಿನಿಂದ ನಾನು ಯಾವ ಫೈಲಿನ ಮೇಲೂ ಮತ್ತೊಂದನ್ನು ಉಳಿಸಿಲ್ಲ. ಪ್ರತಿ ದಿನದ ಕೆಲಸಕ್ಕೆ ಬೇರೆ ಫೈಲು, ಹೆಸರಿನ ಕೊನೆಗೆ ಒಂದು, ಎರಡು, ಮೂರು ಎಂದು ಸಂಖ್ಯೆ. ನೀವೂ ಹಾಗೆಯೇ ಮಾಡಿ.

ಹಾನಗಲ್ಲಿನಲ್ಲಿಯೇ ಇನ್ನೊಂದು ಪಾಠವೂ ಆಯಿತು. ಎಲ್ಲವನ್ನೂ ಕಂಪ್ಯೂಟರಿನ 'ಡಿ' ವಿಭಾಗಕ್ಕೆ ನಕಲು ಮಾಡಿ, ಬ್ಯಾಕಪ್ ಆಯಿತೆಂದು ನೆಮ್ಮದಿಯಿಂದ ಇದ್ದೆ. ಡಿಸ್ಕ್ ಕೆಟ್ಟ ದಿನ ಗೊತ್ತಾಯಿತು, ಸಿ ಮತ್ತು ಡಿ ಒಂದೇ ಮನೆಯ ಎರಡು ಕೋಣೆಗಳು. ಸೂರು ಕುಸಿದರೆ ಎರಡೂ ಹೋಗುತ್ತವೆ. ಅಂದಿನಿಂದ ಒಂದು ಬೇರೆ ಡಿಸ್ಕ್ ಇಟ್ಟೆ. ಸಂಜೆ ಅಂಗಡಿ ಮುಚ್ಚುವ ಮೊದಲು ನಕಲು ಮಾಡಿ, ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡು ಮನೆಗೆ ಒಯ್ಯುತ್ತಿದ್ದೆ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ಎರಡು ಪ್ರತಿ, ಎರಡು ಸೂರು. ಇದನ್ನು ನನ್ನ ಜೊತೆ ಕೆಲಸ ಮಾಡಿದವರೆಲ್ಲರಿಗೂ ಹೇಳಿ ಹೇಳಿ ಬೇಸರ ತರಿಸಿದ್ದೇನೆ.

ಹಾಗೆ ಹೇಳುತ್ತಿದ್ದವಳೇ ಸವಣೂರಿನಲ್ಲಿ ಒಂದೇ ಪ್ರತಿ ಇಟ್ಟೆ.

ಸವಣೂರಿನ ಸ್ಟುಡಿಯೋ ಮಾಲೀಕರಾದ ಖಾದರಸಾಬರು ನನ್ನನ್ನು ಕರೆಸಿಕೊಂಡದ್ದಕ್ಕೆ ಕಾರಣವಿತ್ತು. ಅಲ್ಲಿಯ ಮುಸ್ಲಿಂ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋಗಳನ್ನು ಹೆಂಗಸೇ ತೆಗೆಯಬೇಕು, ಹೆಂಗಸೇ ತಿದ್ದಬೇಕು. ಅದಕ್ಕಾಗಿ ಒಳಕೋಣೆಯಲ್ಲಿ ಬೇರೆ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಅಂಗಡಿ ತಮ್ಮದೇ ಆದರೂ ಖಾದರಸಾಬರು ಹೊರಗೆ ನಿಂತು ಕೆಮ್ಮಿ, "ಬರಲ್ಯಾ ಬಾಯಾರ?" ಎಂದು ಕೇಳಿಯೇ ಬರುತ್ತಿದ್ದರು.

ವೀಳ್ಯದೆಲೆ ವ್ಯಾಪಾರಿ ಗೌಸಸಾಬರ ಮಗಳು ನಸೀಮಾಳ ಮದುವೆ ಆಯಿತು. ಹೆಂಗಸರ ಫೋಟೋಗಳನ್ನು ನಾನೇ ತೆಗೆದೆ. ಮದುವೆಯಾಗಿ ಒಂದು ವಾರಕ್ಕೆ ನಸೀಮಾಳ ನಾನಿ, ಅಂದರೆ ತಾಯಿಯ ತಾಯಿ, ಹುಸೇನಬಿಯವರು ಒಬ್ಬರೇ ಸ್ಟುಡಿಯೋಕ್ಕೆ ಬಂದರು. ಮಗಳು ಮುನೀರಾ ತೀರಿಕೊಂಡಾಗ ನಸೀಮಾ ಇನ್ನೂ ತೊಟ್ಟಿಲ ಕೂಸು. ಈ ಅಜ್ಜಿ ಅಳಿಯನ ಮನೆಗೇ ಬಂದು ನಿಂತು ಮೊಮ್ಮಗಳನ್ನು ಸಾಕಿದ್ದರು. ಅವರು ಸೆರಗಿನ ಗಂಟಿನಿಂದ ಒಂದು ಹಳೆಯ ರೇಷನ್ ಕಾರ್ಡ್ ತೆಗೆದರು. ಅದರಲ್ಲಿ ಕುಟುಂಬದ ಫೋಟೋ, ಮುನೀರಾಳದ್ದು ಉಳಿದಿರುವ ಒಂದೇ ಫೋಟೋ. ಮುಖ ಕಡಲೆಕಾಳಿನಷ್ಟು. ಎಲೆಬುಟ್ಟಿಯ ನೀರು ಬಿದ್ದು ಮೂಗಿನಿಂದ ಕೆಳಗೆ ಬರೀ ಕಂದು ಕಲೆ.

"ಬೇಟಿ, ಮಗಳ ಮದುವ್ಯಾಗ ತಾಯಿ ಬಾಜೂಕ ಇರಬೇಕು. ನಮ್ಮ ನಸೀಮಾನ ಬಾಜೂಕ ಮುನೀರಾನ ನಿಂದರಸು. ಗ್ವಾಡಿಗೆ ಹಚ್ಚಾಕಲ್ಲ. ಆಲ್ಬಮ್ಮಿನ್ಯಾಗ ಇರಲಿ, ನಸೀಮಾ ನೋಡಲಿ. ಆ ಹುಡುಗಿ ತಾಯಿ ಮಾರೀನ ನೋಡಿಲ್ಲ."

"ಈ ಫೋಟೋದಾಗ ಮಾರೀನ ಇಲ್ಲಲ್ರೀ ಅಮ್ಮಾ."

"ಇಲ್ಲಿ ಐತಿ" ಎಂದು ತಮ್ಮ ಹಣೆ ಮುಟ್ಟಿಕೊಂಡರು. "ನಾ ಹೇಳ್ತೇನಿ, ನೀ ಮಾಡು." ಆಮೇಲೆ ಬೆರಳೆತ್ತಿದರು: "ಮತ್ತೊಂದು ನಕಲು ಎಲ್ಲೂ ಇರಬಾರದು. ಮಾತು ಕೊಡು, ಜಬಾನ್ ಕೊಡು."

ಎರಡು ಪ್ರತಿ ಇಡುವುದು ನನ್ನ ನಿಯಮ ಎಂದು ವಿವರಿಸಿದೆ.

"ಯಾಕ? ನಿನ್ನ ಮಷೀನಿನ ಮ್ಯಾಲೆ ನಿನಗ ಭರೋಸಾ ಇಲ್ಲೇನು?"

ಆ ಪ್ರಶ್ನೆ ನನ್ನ ಜಂಬಕ್ಕೆ ತಾಗಿತು. "ಐತ್ರಿ" ಎಂದುಬಿಟ್ಟೆ. ಭರವಸೆ ಇಡಬಾರದೆಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಯಂತ್ರದ ಮೇಲೆ, ಒಬ್ಬ ಮುದುಕಿಯ ಮುಂದೆ ಸಣ್ಣವಳಾಗಬಾರದೆಂದು, ಭರವಸೆ ಇದೆ ಎಂದೆ.

ಏಳು ಗುರುವಾರ ಅವರು ಬಂದರು. ಬೆಳಿಗ್ಗೆ ಹತ್ತಕ್ಕೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರೆ ಊಟದ ಹೊತ್ತಿಗೆ ಏಳುತ್ತಿದ್ದರು. ಮೊದಲ ಗುರುವಾರ ನಾನು ನಯವಾದ ಮುಖ ಮಾಡಿ ತೋರಿಸಿದೆ.

"ಇಕಿ ಯಾರು? ನಮ್ಮ ಮುನೀರಾ ಅಲ್ಲ. ಇಕಿ ಟೀವಿಯೊಳಗ ಸುದ್ದಿ ಓದಾಕಿ."

ಎರಡನೆಯ ವಾರ ಹುಬ್ಬಿಗೆ ಬಂದರು. "ಇಷ್ಟ್ಯಾಕ ತೀಡೀದಿ? ದಿನಾ ಎಲೀ ಕಟ್ಟು ಕಟ್ಟಾಕಿ ಅಕಿ. ಹುಬ್ಬು ತೀಡಾಕ ಪುರಸೊತ್ತ ಎಲ್ಲಿತ್ತು?" ಮೂರನೆಯ ವಾರ ಮೂಗು. ನಾಲ್ಕನೆಯ ವಾರ ಮೂಗು ಮತ್ತೆ. ಪ್ರತಿ ವಾರ ನಾನು 'ಮುನೀರಾ ಒಂದು', 'ಮುನೀರಾ ಎರಡು' ಎಂದು ಬೇರೆ ಬೇರೆ ಫೈಲು ಉಳಿಸಿದೆ. ಆದರೆ ಎಲ್ಲವೂ ಒಂದೇ ಡಿಸ್ಕಿನಲ್ಲಿ. ಏಳನೆಯ ಗುರುವಾರ ತುಟಿಯ ಕೆಲಸ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡು, ಮೇಲೆ, ಇಲ್ಲ ಕೆಳಗೆ, ಅಲ್ಲೇ ಎಂದು ಮಾಡಿಸಿದರು. ಬಹಳ ಹೊತ್ತು ಪರದೆಯನ್ನೇ ನೋಡಿದರು. "ಸಾಕು. ಬಂದ್ಲು" ಎಂದು ಎದ್ದರು.

ಮುಂದಿನ ವಾರ ಬಂದು ಪ್ರಿಂಟ್ ಹಾಕಿಸಬೇಕಿತ್ತು, ಅಷ್ಟರಲ್ಲಿ ಅವರಿಗೆ ಜ್ವರ ಬಂತು. ಹದಿನೈದು ದಿನಗಳೊಳಗೆ ತೀರಿಕೊಂಡರು.

ನಸೀಮಾ ಹಾನಗಲ್ಲಿನ ಗಂಡನ ಮನೆಯಿಂದ ಬಂದಳು. ಚಿತ್ರ ಪೂರ್ತಿಯಾಗುವವರೆಗೆ ಅಜ್ಜಿ ಅವಳಿಗೆ ಏನೂ ತೋರಿಸಗೊಟ್ಟಿರಲಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆ ಫಾತಿಹಾ ಮುಗಿಸಿ ಬಂದು ನೋಡುತ್ತೇನೆ, ಪ್ರಿಂಟ್ ಆಮೇಲೆ ಹಾಕಿ ಎಂದು ಹೇಳಿ ಕಳಿಸಿದಳು. ಆ ದಿನಕ್ಕೆ ಇನ್ನೂ ಒಂದು ವಾರ ಇರುವಾಗ, ಮಳೆಯಲ್ಲಿ ಕರೆಂಟು ಮೂರು ಸಲ ಹೋಗಿ ಬಂದು, ಒಳಕೋಣೆಯ ಕಂಪ್ಯೂಟರ್ ಮಲಗಿತು. ಮತ್ತೆ ಹಚ್ಚಿದರೆ ಪರದೆಯ ಮೇಲೆ ಡಿಸ್ಕೇ ಇಲ್ಲ ಎಂಬ ಸಂದೇಶ.

ಖಾದರಸಾಬರು ಕೆಮ್ಮಿ ಒಳಗೆ ಬಂದರು. "ಫಾರ್ಮ್ಯಾಟ್ ಹೊಡಿಸಿಬಿಡೂಣು ಬಾಯಾರ. ಹೊಸಾದ್ರಂಗ ಆಗತೈತಿ."

ನಾನು ಗೋಡೆಯಿಂದ ಪ್ಲಗ್ ಕಿತ್ತೆ. ಇದನ್ನು ಗಮನವಿಟ್ಟು ಓದಿ. ಡಿಸ್ಕ್ ಕೆಟ್ಟಾಗ ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಮತ್ತೆ ಮತ್ತೆ ಹಚ್ಚಿ ನೋಡಬಾರದು, ಅದರ ಮೇಲೆ ಹೊಸದೇನನ್ನೂ ಬರೆಯಬಾರದು. ಬರೆದರೆ ಒಳಗೆ ಉಳಿದದ್ದರ ಮೇಲೆಯೇ ಬರೆದಂತೆ. ಡಿಸ್ಕ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಮುಟ್ಟಬಾರದು ಎಂದು ಚೀಟಿ ಅಂಟಿಸಿದೆ.

"ಹುಬ್ಬಳ್ಳಿಗೆ ಕಳಸೂಣು" ಎಂದರು ಖಾದರಸಾಬರು. "ಅಲ್ಲಿ ಮಂದಿ ತಗದು ಕೊಡ್ತಾರ."

"ಅಲ್ಲಿ ಯಾರು ನೋಡ್ತಾರ ಗೊತ್ತಿಲ್ಲ. ಅದ್ರಾಗ ಐವತ್ತು ಮನಿ ಹೆಣ್ಮಕ್ಕಳು ಅದಾರ. ಆಗೂದಿಲ್ಲ."

ಅವರು ತಲೆ ತಗ್ಗಿಸಿ ಹೌದೆಂದರು. ನಾನು ಅವತ್ತೇ ಗೌಸಸಾಬರ ಮನೆಗೆ ಹೋದೆ. ಬೇರೆಯವರ ಬಾಯಲ್ಲಿ ಹೇಳಿಕಳಿಸುವ ವಿಷಯವಲ್ಲ ಅದು. ನಸೀಮಾ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕೇಳಿದಳು.

"ಇನ್ನೊಂದು ನಕಲು?"

"ಇಲ್ಲವ್ವಾ. ನಾನಿಗೆ ಮಾತು ಕೊಟ್ಟಿದ್ದೆ."

"ನಾನಿ ಹೊರಗಿನ ಮಂದಿಗೆ ಅಂಜಿ ಬ್ಯಾಡ ಅಂದ್ರು. ನಮ್ಮ ಕೈಯಾಗ ಒಂದು ಕೊಟ್ಟಿದ್ರ ಅದು ಹೊರಗ ಹೆಂಗ ಹೋಗತಿತ್ತು ಬಾಯಾರ? ಟ್ರಂಕಿನ್ಯಾಗ ಇಡತಿದ್ವಿ."

ಇಷ್ಟು ಸರಳ ದಾರಿ ನನಗೆ ಹೊಳೆದಿರಲೇ ಇಲ್ಲ. ಪ್ರತಿ ಎಂದರೆ ಅಂಗಡಿಯವರದೇ, ಇಡುವವರು ನಾವೇ ಎಂದು ಅಷ್ಟು ವರ್ಷ ತಿಳಿದುಕೊಂಡಿದ್ದೆ.

ಹೊಸದಾಗಿ ಮಾಡಲು ಆದೀತೇ ಎಂದು ಗೌಸಸಾಬರನ್ನು ಕೇಳಿದೆ. ಗಂಡನಾದವರು ಮುಖ ಮರೆತಿರಲಾರರು. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಹೆಂಡತಿ ಹೋದ ಮೇಲೆ ಅವಳ ಮಾತನ್ನಂತೂ ಮನೆಯಲ್ಲಿ ಎತ್ತಿದ್ದೇ ಇಲ್ಲ ಎಂದು ಅಜ್ಜಿ ಹೇಳಿದ್ದರು.

"ಹೆಂಗಿದ್ರು ಹೇಳ್ರಿ. ಮೂಗು ಹೆಂಗಿತ್ತು?"

ಅವರು ನೆಲ ನೋಡಿದರು. "ಚಂದ ಇದ್ಲರಿ."

"ಮೂಗು?"

"ಮೂಗ... ಮೂಗ ಇತ್ತರಿ."

ನಸೀಮಾ ಸಿಟ್ಟಿನಲ್ಲಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬುರ್ಖಾ ಹಾಕಿಕೊಂಡು ಹೊರಬಂದಳು. "ಡಿಸ್ಕ್ ಎಲ್ಲಿಗೆ ಒಯ್ತೀರಿ ಅಲ್ಲಿಗೆ ನಾನೂ ಬರ್ತೇನಿ. ನನ್ನ ಕಣ್ಮುಂದ ತಗೀಲಿ."

ಶಿಗ್ಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವೀರೇಶ ನನಗೆ ಗೊತ್ತಿದ್ದ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಡಿಸ್ಕ್ ನಸೀಮಾಳ ಮಡಿಲಲ್ಲಿ. ಹೊಸ ಖಾಲಿ ಡಿಸ್ಕ್ ಒಂದು ನನ್ನ ಚೀಲದಲ್ಲಿ. ವೀರೇಶನಿಗೆ ಷರತ್ತು ಹೇಳಿದೆ: ಮೊದಲು ಕೆಟ್ಟ ಡಿಸ್ಕನ್ನು ಹೇಗಿದೆಯೋ ಹಾಗೆ ಹೊಸದಕ್ಕೆ ಇಳಿಸಬೇಕು, ಹುಡುಕುವ ಕೆಲಸವೆಲ್ಲ ಹೊಸದರ ಮೇಲೆ. ನಿನ್ನ ಯಂತ್ರದಲ್ಲಿ ಏನೂ ಉಳಿಯಬಾರದು. ಒಂದು ಫೋಟೋವನ್ನೂ ನೋಡಬಾರದು.

"ನಾ ಫೋಟೋ ನೋಡೂದಿಲ್ರಿ ಅಕ್ಕಾರ. ನಾ ಬರೇ ಹೆಸರು, ನಂಬರ್ ನೋಡ್ತೇನಿ."

"ಬಾಜೂಕ ಸಣ್ಣ ಸಣ್ಣ ಚಿತ್ರ ಬರತಾವಲ್ಲ?" ಎಂದಳು ನಸೀಮಾ.

"ಅದನ್ನ ಬಂದ್ ಮಾಡ್ತೇನ್ರಿ."

ನಸೀಮಾ ನಂಬಲಿಲ್ಲ. ಚೀಲದಿಂದ ಒಂದು ಓಢಣಿ ತೆಗೆದು ಪರದೆಯ ಬಲಗಡೆ ಅರ್ಧಕ್ಕೆ ಇಳಿಬಿಟ್ಟು, ಹಾರದಂತೆ ಮೇಲೆ ತನ್ನ ಊಟದ ಡಬ್ಬಿ ಹೇರಹೊರಟಳು. ಡಬ್ಬಿ ನಿಲ್ಲಲಿಲ್ಲ, ಓಢಣಿಯನ್ನು ಕೈಯಲ್ಲೇ ಹಿಡಿದು ನಿಂತಳು. ಎಡಗಡೆ ಹೆಸರಿನ ಸಾಲು ಮಾತ್ರ ಕಾಣುತ್ತಿತ್ತು.

"ಕಂಪ್ಯೂಟರಿಗೆ ಪರದಾ ಕಟ್ಟಿ ಕೆಲಸ ಮಾಡಿದ್ದು ನಾ ಇದ ಮೊದಲ ನೋಡ್ರಿ" ಎಂದ ವೀರೇಶ.

"ನಿಮ್ಮ ಕಣ್ಣಿಗೂ ಆರಾಮ ಸಿಗತೈತಿ, ಮಾಡ್ರಿ."

ಇಳಿಸುವ ಕೆಲಸವೇ ಎರಡು ಹಗಲು ಹಿಡಿಯಿತು. ಕೆಟ್ಟ ಜಾಗ ಬಂದಾಗ ಡಿಸ್ಕ್ ಗೊರಗೊರ ಎಂದು ನಿಲ್ಲುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಹೆಸರುಗಳು ಬರತೊಡಗಿದವು. ವೀರೇಶ ಬೆರಳಿಟ್ಟು ಓದಿದ: ಮುನೀರಾ ಒಂದು, ಎರಡು, ಮೂರು. ಏಳೂ ಸಿಕ್ಕವು. ನಸೀಮಾ ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಹೆಸರು ಸಿಕ್ಕಿದರೆ ಫೈಲು ಸಿಕ್ಕಂತಲ್ಲ. ಅದನ್ನೂ ಕಲಿತುಕೊಳ್ಳಿ. ಮರುದಿನ ಸವಣೂರಿನ ಒಳಕೋಣೆಯಲ್ಲಿ ಬೇರೆ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಚ್ಚಿ ಏಳನೆಯದನ್ನು ತೆರೆದೆ. ತೆರೆಯಲಿಲ್ಲ. ಮೂರು ರೀತಿ ಪ್ರಯತ್ನಿಸಿದೆ. ಅದರ ಅರ್ಧ ಭಾಗ ಕೆಟ್ಟ ಜಾಗದಲ್ಲೇ ಉಳಿದುಹೋಗಿತ್ತು. ಆರನೆಯದು ತೆರೆಯಿತು.

ನಸೀಮಾ ಅಜ್ಜಿಯ ಸ್ಟೂಲಿನ ಮೇಲೆ ಕುಳಿತಿದ್ದಳು. ಮದುವಣಗಿತ್ತಿಯ ಪಕ್ಕದಲ್ಲಿ ಮುನೀರಾ ನಿಂತಿದ್ದಳು. ಹುಡುಗಿ ಕೇಳಿದಳು: "ಇದ ಏನ್ರಿ ನಾನಿ ಮಾಡಿಸಿದ್ದು?"

ಹೌದು ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಪೂರಾ ಅಲ್ಲವ್ವಾ. ಇದು ಆರನೇ ವಾರದ್ದು. ಏಳನೇ ವಾರ ನಾನಿ ತುಟಿ ತಿದ್ದಿಸಿದ್ರು. ಎಷ್ಟು ಅಂತ ನನಗ ನೆನಪಿಲ್ಲ. ಅಂದಾಜಿನ ಮ್ಯಾಲೆ ನಾ ನಿಮ್ಮ ತಾಯಿ ಮಾರಿ ಮುಟ್ಟೂದಿಲ್ಲ."

ಗೌಸಸಾಬರು ಮಗಳನ್ನು ಕರೆದೊಯ್ಯಲು ಬಂದು ಹೊರಗೆ ನಿಂತಿದ್ದರು. ನಸೀಮಾ ನನ್ನ ಕಡೆ ನೋಡಿದಳು. ನಾನು ಉಳಿದ ಹೆಂಗಸರನ್ನೆಲ್ಲ ಮರೆಮಾಡಿ, ಆ ಒಂದು ಮುಖವನ್ನು ಮಾತ್ರ ಪರದೆಯಲ್ಲಿ ಇಟ್ಟೆ. ಅವಳು ತಂದೆಯನ್ನು ಕರೆದಳು.

ಅವರು ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದು ನಿಂತರು. ಮತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ತುಟಿ ಹಂಗಲ್ರಿ" ಎಂದರು.

ನಾನು ಮೌಸ್ ಹಿಡಿದೆ.

"ಸಿಟ್ಟಿಗೆದ್ದಾಗ ಹಂಗ ಬಿಗಿ ಹಿಡೀತಿದ್ಲು. ಸುಮ್ನ ನಿಂತಾಗ ಎಡಗಡೆ ತುಸು ಇಳೀತಿತ್ತು. ಇನ್ನ ತುಸು. ಅಷ್ಟಲ್ಲ, ಹಿಂದ ಬರ್ರಿ. ಹಾಂ. ಹಾಂ, ಅಲ್ಲೇ."

ಮೂಗು ಇತ್ತು ಎಂದಷ್ಟೇ ಹೇಳಬಲ್ಲ ಮನುಷ್ಯ ಕೂದಲೆಳೆಯಷ್ಟು ವ್ಯತ್ಯಾಸ ಹೇಳುತ್ತಿದ್ದರು. ಬರಿಯ ಗೋಡೆಗೆ ಯಾರೂ ತಮ್ಮವರ ಮುಖ ಬರೆದು ತೋರಿಸಲಾರರು. ಎದುರಿಗೆ ಮುಖವಿದ್ದರೆ ತಪ್ಪು ಎಲ್ಲಿದೆ ಎಂದು ತಕ್ಷಣ ಹೇಳುತ್ತಾರೆ. ನನ್ನ ಕೈ ನಿಂತಾಗ, ಏಳನೆಯ ಗುರುವಾರ ಮುದುಕಿ ನಿಲ್ಲಿಸಿದ್ದೂ ಅಲ್ಲಿಯೇ ಎಂಬುದು ನನ್ನ ಮಣಿಕಟ್ಟಿಗೆ ನೆನಪಾಯಿತು.

ನಸೀಮಾ ಪರದೆಯಿಂದ ಕಣ್ಣು ತೆಗೆಯದೆ ತಂದೆಯನ್ನು ಕೇಳಿದಳು: "ಅಬ್ಬಾ, ಅಮ್ಮಿ ಸಿಟ್ಟಿಗೇಳತಿದ್ಲೇನು?"

"ಏಳತಿದ್ಲೇನು ಅಂತ ಕೇಳತೀಯಲ್ಲ!" ಗೌಸಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಒಮ್ಮೆ ಎಲೀ ಬುಟ್ಟಿ ಬಸ್ಸಿನ್ಯಾಗ ಬಿಟ್ಟು ಬಂದೆ. ಮೂರು ದಿನ ನನ್ನ ಕೂಡ ಮಾತಾಡಲಿಲ್ಲ. ಹೇಳೂದಿದ್ದದ್ದೆಲ್ಲಾ ತೊಟ್ಟಲದಾಗಿನ ನಿನ್ನ ಮುಂದ ಹೇಳತಿದ್ಲು. ನಿಮ್ಮ ಅಬ್ಬಾ ಬುಟ್ಟಿ ಅಷ್ಟ ಬಿಟ್ಟು ಬಂದಾರೋ, ತಲೀನೂ ಬಸ್ಸಿನ್ಯಾಗ ಬಿಟ್ಟು ಬಂದಾರೋ ಕೇಳು ಬೇಟಿ, ಅಂತ."

"ನಾ ಏನಂದೆ?"

"ನೀ ನಕ್ಕಿ. ಅದಕ್ಕ ಇನ್ನಷ್ಟು ಸಿಟ್ಟಾದ್ಲು."

ನಸೀಮಾ ಸ್ಟೂಲಿನಿಂದ ಎದ್ದು ಅದನ್ನು ತಂದೆಯ ಕಡೆ ನೂಕಿ, ತಾನು ನೆಲದ ಮೇಲೆ ಕುಳಿತಳು. ನಾನು 'ಮುನೀರಾ ಎಂಟು' ಎಂದು ಹೆಸರಿಟ್ಟು ಉಳಿಸಿದೆ. ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಅವಳ ಕೈಗೆ ಕೊಟ್ಟೆ. ಆ ದಿನದಿಂದ ನಾನು ಕೆಲಸ ಬಿಡುವವರೆಗೂ ಪ್ರತಿ ಮನೆಯ ಎರಡನೆಯ ಪ್ರತಿ ಆ ಮನೆಯವರ ಕೈಗೇ ಹೋಯಿತು.

ಅವಳು ಅದನ್ನು ನೋಡದೆಯೇ ಮಡಿಲಲ್ಲಿಟ್ಟುಕೊಂಡು, "ಆಮ್ಯಾಲೆ?" ಎಂದು ತಂದೆಯನ್ನು ಕೇಳಿದಳು.

ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿ ಊಟಕ್ಕೆ ಏಳುವುದು ನಮ್ಮ ನಿಯಮ. ಅದನ್ನು ಮಾಡಿದವಳೂ ನಾನೇ. ಒಂದು ಹೊಡೆಯಿತು. ಖಾದರಸಾಬರು ಕೆಮ್ಮಿದರು. ನಾನು ಹೊರಗೆ ಬಂದು ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಈಗ ಬೇಡ ಎಂದು ಅವರಿಗೆ ಕೈ ಮಾಡಿದೆ.